ಹೆಬ್ಬೆರಳಿನ ಸಾಕ್ಷಿ

ನಿಮ್ಮ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿ. ಅದರ ಮೇಲಿನ ಸೂಕ್ಷ್ಮ ಗೆರೆಗಳು ಸುರುಳಿ, ಕುಣಿಕೆ ಅಥವಾ ಕಮಾನಿನ ಆಕಾರದಲ್ಲಿರುತ್ತವೆ. ತಾಯಿಯ ಗರ್ಭದಲ್ಲಿಯೇ ಮೂಡುವ ಈ ವಿನ್ಯಾಸ ಜೀವಮಾನವಿಡೀ ಉಳಿಯುತ್ತದೆ. ಅವಳಿಗಳಲ್ಲಿಯೂ ಅದು ಒಂದೇ ಆಗಿರುವುದಿಲ್ಲ. ಈ ಗೆರೆಗಳನ್ನು ಅಪರಾಧ ಪತ್ತೆಯ ಸಾಧನವಾಗಿಸಿದ ಇತಿಹಾಸದಲ್ಲಿ ನಮ್ಮ ದೇಶದ ಪಾಲು ದೊಡ್ಡದು.

1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ, ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಅಂಗೈಯ ಗುರುತನ್ನು ಒತ್ತಿಸಿಕೊಂಡನು. ಮುಂದೆ ಆತ ತನ್ನ ಸಹಿಯನ್ನೇ ಅಲ್ಲಗಳೆಯಬಾರದು ಎಂಬುದಷ್ಟೇ ಇದರ ಉದ್ದೇಶ. 1877ರ ವೇಳೆಗೆ ಹರ್ಷೆಲ್ ಹೂಗ್ಲಿಯಲ್ಲಿ ಪಿಂಚಣಿದಾರರ ಮತ್ತು ಕೈದಿಗಳ ಬೆರಳಚ್ಚುಗಳನ್ನು ಪಡೆಯತೊಡಗಿದನು.

ಬೆರಳಚ್ಚುಗಳನ್ನು ಸಂಗ್ರಹಿಸಿದರೆ ಸಾಲದು; ಸಾವಿರಾರು ಕಾಗದಗಳ ನಡುವೆ ಬೇಕಾದ ಒಂದನ್ನು ಹುಡುಕುವುದು ಹೇಗೆ? ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಕೈಕೆಳಗೆ ದುಡಿಯುತ್ತಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಈ ತೊಡಕನ್ನು ಬಿಡಿಸಲು ನೆರವಾದರು. ಹತ್ತು ಬೆರಳುಗಳಲ್ಲಿ ಪ್ರತಿಯೊಂದರಲ್ಲೂ ಸುರುಳಿ ಇದೆಯೇ, ಇಲ್ಲವೇ ಎಂದು ಗುರುತಿಸಿದರೆ ಒಟ್ಟು 1024 ವರ್ಗಗಳಾಗುತ್ತವೆ. ಎರಡನ್ನು ಹತ್ತು ಬಾರಿ ಬರೆದು ಗುಣಿಸಿ ನೀವೇ ಪರೀಕ್ಷಿಸಬಹುದು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಆರಂಭವಾಯಿತು. 1901ರಲ್ಲಿ ಈ ಪದ್ಧತಿ ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡ್ ತಲುಪಿತು. ಆದರೆ ಪದ್ಧತಿಗೆ ಉಳಿದದ್ದು ಹೆನ್ರಿಯ ಹೆಸರು ಮಾತ್ರ.

ಜಲಪಾಯಿಗುರಿಯ ಮೊಕದ್ದಮೆಯೊಂದನ್ನು ಇಲ್ಲಿ ನೆನೆಯಬೇಕು. ಅಲ್ಲಿನ ಚಹಾ ತೋಟದ ವ್ಯವಸ್ಥಾಪಕನೊಬ್ಬನ ಕೊಲೆಯಾಗಿತ್ತು. ಮನೆಯಲ್ಲಿದ್ದ ಬಂಗಾಳಿ ಪಂಚಾಂಗದ ಮೇಲೆ ರಕ್ತದ ಬೆರಳಚ್ಚು ಸಿಕ್ಕಿತು. ಅದು ಹಿಂದೆ ಕಳ್ಳತನಕ್ಕಾಗಿ ಶಿಕ್ಷೆಗೊಳಗಾಗಿದ್ದ ಮಾಜಿ ಸೇವಕನ ಗುರುತಿಗೆ ಹೊಂದಿತು. 1898ರಲ್ಲಿ ನ್ಯಾಯಾಲಯ ಆತನಿಗೆ ಕಳ್ಳತನಕ್ಕೆ ಶಿಕ್ಷೆ ವಿಧಿಸಿತು. ಕೊಲೆಯ ಆರೋಪದಿಂದ ಬಿಡುಗಡೆ ಮಾಡಿತು. ಆತ ಅಲ್ಲಿದ್ದನು ಎಂಬುದನ್ನು ಬೆರಳು ಹೇಳೀತು. ಕೊಂದವನು ಅವನೇ ಎಂಬುದನ್ನು ಹೇಳಲಾರದು. ಈ ವಿವೇಕ ಇಂದಿಗೂ ಬೇಕಾದದ್ದು.

ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಸಾರಿತು. 1911ರ ಕಾಯಿದೆ ನೋಂದಾಯಿತರ ಬೆರಳಚ್ಚು ಪಡೆಯಲು ಅಧಿಕಾರ ನೀಡಿತು. ವಿಜಾಪುರ, ಹುಬ್ಬಳ್ಳಿಗಳಲ್ಲಿ ಇಂಥ ಕುಟುಂಬಗಳನ್ನು ಕಾವಲಿನ ವಸತಿಗಳಲ್ಲಿ ಇರಿಸಲಾಗಿತ್ತು. ಯಾವ ತಪ್ಪೂ ಮಾಡದವನ ಬೆರಳೂ ಪೊಲೀಸ್ ದಫ್ತರ ಸೇರಿತು. ಈ ಕಾಯಿದೆ ರದ್ದಾಗಲು 1952ರವರೆಗೆ ಕಾಯಬೇಕಾಯಿತು. ಕಳಂಕ ಮಾತ್ರ ಕಾಯಿದೆಯೊಂದಿಗೆ ಹೋಗಲಿಲ್ಲ.

ಯಂತ್ರ ಬದಲಾದರೂ ಪ್ರಶ್ನೆ ಬದಲಾಗಿಲ್ಲ. ಇಂಗ್ಲೆಂಡಿನಲ್ಲಿ ಅಲೆಕ್ ಜೆಫ್ರೀಸ್ 1984ರಲ್ಲಿ ಕಂಡುಹಿಡಿದ ಡಿಎನ್ಎ ಗುರುತಿನ ವಿಧಾನ, ಲೆಸ್ಟರ್ ಬಳಿಯ ಜೋಡಿ ಕೊಲೆಗಳ ತನಿಖೆಯಲ್ಲಿ ಮೊದಲು ಒಬ್ಬ ನಿರಪರಾಧಿಯನ್ನು ಉಳಿಸಿತು, ಅನಂತರ ನಿಜವಾದ ಅಪರಾಧಿಯನ್ನು ಹಿಡಿದುಕೊಟ್ಟಿತು. ಇದು ವಿಜ್ಞಾನದ ವರ. ಆದರೆ 2004ರ ಮ್ಯಾಡ್ರಿಡ್ ಸ್ಫೋಟದ ತನಿಖೆಯಲ್ಲಿ ಬೆರಳಚ್ಚನ್ನು ತಪ್ಪಾಗಿ ಓದಿದ ಅಮೆರಿಕದ ತಜ್ಞರಿಂದಾಗಿ, ಆ ದೇಶದ ನಿರಪರಾಧಿ ವಕೀಲರೊಬ್ಬರು ಬಂಧನಕ್ಕೊಳಗಾದರು. ಗೆರೆ ಸುಳ್ಳು ಹೇಳಲಿಲ್ಲ, ಓದಿದವರು ಎಡವಿದರು.

ನಮ್ಮ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. 2022ರ ಕೇಂದ್ರ ಕಾಯಿದೆಯಾದರೋ ಬೆರಳಚ್ಚಿನ ಜೊತೆಗೆ ಕಣ್ಣಿನ ಪಾಪೆಯ ಗುರುತನ್ನೂ ಪಡೆದು, ದಾಖಲೆಗಳನ್ನು 75 ವರ್ಷ ಇಡಲು ಅವಕಾಶ ನೀಡಿದೆ. ಖುಲಾಸೆಯಾದವರ ದಾಖಲೆ ಅಳಿಸುವ ನಿಯಮವೂ ಅದರಲ್ಲಿದೆ. ಅದು ತಪ್ಪದೆ ಪಾಲನೆಯಾಗಬೇಕಾದುದು ಮುಖ್ಯ.

ಕಳ್ಳನನ್ನು ಹಿಡಿಯುವ ಬಲೆ ಬೇಕೇ ಬೇಕು. ಆದರೆ ಆ ಬಲೆಯನ್ನು ಯಾರ ಮೇಲೆ ಬೀಸಲಾಗುತ್ತಿದೆ, ಸಿಕ್ಕ ನಿರಪರಾಧಿ ಹೊರಬರುವ ದಾರಿ ಯಾವುದು? ಹೊಸ ಯಂತ್ರವೊಂದರ ಸುದ್ದಿ ಓದಿದಾಗಲೆಲ್ಲ ಈ ಎರಡು ಪ್ರಶ್ನೆಗಳನ್ನು ನೀವು ಕೇಳಬೇಕು. ನಿಮ್ಮ ತರಗತಿಯಲ್ಲಿ ಚರ್ಚಿಸಿ ನೋಡಿ.