ರೆಕ್ಲಿಂಗ್‌ಹೌಸನ್ ರೋಗವೂ ಸ್ತನದ ಕ್ಷ-ಕಿರಣ ಚಿತ್ರವೂ

ಚರ್ಮದ ಮೇಲೆ ಹಾಲು ಬೆರೆಸಿದ ಕಾಫಿಯ ಬಣ್ಣದ ಮಚ್ಚೆಗಳನ್ನೂ ಮೆತ್ತನೆಯ ಅನೇಕ ಗಂಟುಗಳನ್ನೂ ತೋರುವ ಒಂದು ಆನುವಂಶಿಕ ವ್ಯಾಧಿಯು ವೈದ್ಯಗ್ರಂಥಗಳಲ್ಲಿ ಬಹುಕಾಲ ರೆಕ್ಲಿಂಗ್‌ಹೌಸನ್ ರೋಗವೆಂದೇ ಪ್ರಸಿದ್ಧವಾಗಿದ್ದಿತು. ಜರ್ಮನಿಯ ಟಿಲೇಸಿಯಸ್ 1793ರಲ್ಲಿಯೇ ಇಂತಹ ರೋಗಿಯೊಬ್ಬನನ್ನು ವರ್ಣಿಸಿದ್ದನು. ಡಬ್ಲಿನ್ನಿನ ರಾಬರ್ಟ್ ಸ್ಮಿತ್ 1849ರಲ್ಲಿ ನರಗಳ ಗಂಟುಗಳನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದನು. ಆದರೂ ಕೀರ್ತಿಯು ಮೂರನೆಯವನಿಗೆ ಸಂದುದು ಅನುಚಿತವಲ್ಲ. ಚರ್ಮದ ಗಂಟಿಗೂ ನರದ ಗಂಟಿಗೂ ಮೂಲವೊಂದೇ ಎಂಬುದನ್ನು ಸೂಕ್ಷ್ಮದರ್ಶಕದಿಂದ ಸಾಧಿಸಿ, ಅದನ್ನು ನ್ಯೂರೋಫೈಬ್ರೋಮವೆಂದು ಕರೆದವನು ಫ್ರೀಡ್ರಿಕ್ ಫಾನ್ ರೆಕ್ಲಿಂಗ್‌ಹೌಸನ್. ಅವನ ಪ್ರಬಂಧವು ಹೊರಬಂದುದು 1882ರಲ್ಲಿ. ಆಗ ಅವನು ಸ್ಟ್ರಾಸ್‌ಬರ್ಗ್ ನಗರದ ಅಧ್ಯಾಪಕನು.

ಆ ನಗರವು ಅಂದು ಜರ್ಮನ್ ಚಕ್ರಾಧಿಪತ್ಯಕ್ಕೆ ಸೇರಿದ್ದಿತು. ಅದು ಫ್ರಾನ್ಸಿನದಾದ ಮೇಲೆ, 1960ರ ದಶಕದಲ್ಲಿ, ಶಾರ್ಲ್ ಗ್ರೋ ಎಂಬ ವೈದ್ಯನು ಅಲ್ಲಿಯೇ ಸ್ತನಪರೀಕ್ಷೆಗೆಂದು ಪ್ರತ್ಯೇಕ ಕ್ಷ-ಕಿರಣಯಂತ್ರವನ್ನು ರೂಪಿಸಿದನು. ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್ 1913ರಲ್ಲಿ, ಕತ್ತರಿಸಿ ತೆಗೆದ ಸುಮಾರು 3000 ಸ್ತನಗಳ ಚಿತ್ರಗಳನ್ನು ಪರಿಶೀಲಿಸಿ ಈ ಮಾರ್ಗವನ್ನು ತೆರೆದಿದ್ದನು. ಗ್ರೋವಿನ ಯಂತ್ರದಲ್ಲಿ ಮಾಲಿಬ್ಡಿನಮ್ ಲೋಹದಿಂದ ಹೊರಡುವ ಮೃದುಕಿರಣಗಳು ಕೊಬ್ಬನ್ನೂ ಮಾಂಸವನ್ನೂ ಬೇರ್ಪಡಿಸಿ ತೋರಿಸಿದವು. ಒಂದೇ ಊರು ರೋಗಕ್ಕೆ ಹೆಸರನ್ನೂ ಚಿತ್ರಕ್ಕೆ ಯಂತ್ರವನ್ನೂ ಕೊಟ್ಟಿತು. ಇವೆರಡೂ ಒಬ್ಬಳೇ ರೋಗಿಯಲ್ಲಿ ಕೂಡಿದಾಗ ಮಾತ್ರ ತೊಡಕು ಉಂಟಾಗುವುದು.

ಕಾರಣವಿಷ್ಟು. ಸ್ತನವನ್ನು ಫಲಕಗಳ ನಡುವೆ ಒತ್ತಿ ತೆಗೆದ ಚಿತ್ರದಲ್ಲಿ ಆಳವೆಂಬುದಿಲ್ಲ. ಹೊರಗಿನದೂ ಒಳಗಿನದೂ ಒಂದರ ಮೇಲೊಂದು ಬೀಳುವುವು. ಸ್ತನಾಗ್ರದ ಸುತ್ತಣ ಚರ್ಮದಲ್ಲಿ ಹೆಚ್ಚಾಗಿ ಬೆಳೆಯುವ ನ್ಯೂರೋಫೈಬ್ರೋಮಗಳು ಆಗ ಸ್ತನದೊಳಗಿನ ದುಂಡನೆಯ ಗಡ್ಡೆಗಳಂತೆ ತೋರುವುವು. ಗಂಟಿನ ಸುತ್ತ ಸಿಕ್ಕಿಕೊಂಡ ಗಾಳಿಯು ಅಂಚಿಗೆ ಕಪ್ಪು ರೇಖೆಯೊಂದನ್ನು ಬರೆಯುವುದರಿಂದ, ಅದು ಹೊರಗಿನದೆಂದು ಅನುಭವಿಗಳು ಗುರುತಿಸಬಲ್ಲರು. ಗಂಟಿನ ಮೇಲೆ ಸಣ್ಣ ಲೋಹದ ಗುರುತನ್ನು ಅಂಟಿಸುವ ಪದ್ಧತಿಯೂ ಉಂಟು. ಗಂಟುಗಳು ನೂರಾರು ಇದ್ದಲ್ಲಿ ಈ ಉಪಾಯಕ್ಕೆ ಬೆಲೆಯಿಲ್ಲ.

ಇಲ್ಲದ ಅರ್ಬುದವನ್ನು ಉಂಟೆಂದು ಭ್ರಮಿಸಿದರೆ ಒಂದು ಅನಾವಶ್ಯಕ ಶಸ್ತ್ರಕ್ರಿಯೆ ನಡೆಯಬಹುದು. ಇರುವ ಅರ್ಬುದವನ್ನು ಹಳೆಯ ಗಂಟುಗಳಲ್ಲಿ ಮತ್ತೊಂದೆಂದು ತಳ್ಳಿಹಾಕುವುದು ಇದಕ್ಕಿಂತ ಘೋರವಾದುದು. ರೋಗದ ಮೂಲವಾದ ಜೀನು 17ನೆಯ ವರ್ಣತಂತುವಿನಲ್ಲಿದೆಯೆಂದು ತಿಳಿದು, 1990ರಲ್ಲಿ ಆ ಜೀನನ್ನು ಗುರುತಿಸಿದರು. ಅದರ ಸಹಜಕಾರ್ಯವು ಕೋಶಗಳ ಮಿತಿಮೀರಿದ ಬೆಳವಣಿಗೆಯನ್ನು ತಡೆಯುವುದು. ತಡೆ ಕುಗ್ಗಿದ ದೇಹದಲ್ಲಿ ಚರ್ಮದ ಗಂಟೊಂದೇ ಹುಟ್ಟೀತೆಂದು ನಂಬಲು ಆಧಾರವಿಲ್ಲ: 50 ವರ್ಷದೊಳಗಿನ ಇಂತಹ ಸ್ತ್ರೀಯರಿಗೆ ಸ್ತನದ ಅರ್ಬುದವು ಇತರರಿಗಿಂತ ಸುಮಾರು ನಾಲ್ಕೈದು ಪಾಲು ಹೆಚ್ಚಾಗಿ ಸಂಭವಿಸುವುದೆಂದು ಗಣನೆಗಳು ತೋರಿಸಿವೆ. ಸುಮಾರು 3000 ಜನರಲ್ಲಿ ಒಬ್ಬರಿಗೆ ಬರುವ ಈ ವ್ಯಾಧಿಯು ಅವರಲ್ಲಿ ಅರ್ಧದಷ್ಟು ಮಂದಿಗೆ ತಂದೆತಾಯಿಗಳಿಂದ ಬಂದುದಲ್ಲ, ಹೊಸದಾಗಿ ಹುಟ್ಟಿದುದು. ಆದುದರಿಂದ ಮನೆತನದ ವೃತ್ತಾಂತವನ್ನು ವಿಚಾರಿಸಿ ನಿಶ್ಚಿಂತರಾಗುವಂತಿಲ್ಲ. ಅಮೆರಿಕದ ಅರ್ಬುದಚಿಕಿತ್ಸಾ ಕೇಂದ್ರಗಳ ಒಕ್ಕೂಟವು ಈ ಸ್ತ್ರೀಯರಿಗೆ 30ನೆಯ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಸ್ತನಚಿತ್ರವನ್ನು ವಿಧಿಸಿ, 50ರವರೆಗೆ ಕಾಂತೀಯ ಚಿತ್ರಣವನ್ನೂ ಪರಿಶೀಲಿಸಬೇಕೆಂದಿದೆ. ಈ ಎರಡನೆಯದರಲ್ಲಿ ಚರ್ಮದ ಗಂಟು ಚರ್ಮದಲ್ಲಿಯೇ ಕಾಣುವುದು.