ಓಲ್ಡ್ ನಂಬರ್ ಒನ್: ಒಂದು ಕಾರಿನ ಗುರುತಿನ ಪ್ರಶ್ನೆ

ಹಳೆಯ ಕಾರೊಂದು ಮಾರಾಟಕ್ಕೆ ಬಂದಾಗ ಕೊಳ್ಳುವವರು ಎಂಜಿನ್ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಕಾಗದಪತ್ರ ಕೇಳುತ್ತಾರೆ. 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟಿಗೆ ಬಂದ ತಕರಾರು ಮಾತ್ರ ಬೇರೆ ಬಗೆಯದು. ಮಾರಾಟಕ್ಕಿರುವ ಈ ಕಾರು ನಿಜಕ್ಕೂ ಆ ಕಾರೇ ಹೌದೇ ಎಂಬುದು ಅಲ್ಲಿಯ ಪ್ರಶ್ನೆ. ಪಣಕ್ಕಿದ್ದ ಬೆಲೆ 1 ಕೋಟಿ ಪೌಂಡು. ಕಾರು, ‘ಓಲ್ಡ್ ನಂಬರ್ ಒನ್’ ಎಂದೇ ಹೆಸರಾದ ಬೆಂಟ್ಲಿ ಸ್ಪೀಡ್ ಸಿಕ್ಸ್.

ಈ ಪ್ರಶ್ನೆ ಹುಟ್ಟಿದ್ದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಡಬ್ಲ್ಯು. ಓ. ಬೆಂಟ್ಲಿ ಯೌವನದಲ್ಲಿ ರೈಲ್ವೆ ಕಾರ್ಯಾಗಾರದಲ್ಲಿ ಪಳಗಿದವರು. 1919ರಲ್ಲಿ ತಮ್ಮ ಹೆಸರಿನ ಕಂಪನಿಯನ್ನು ಆರಂಭಿಸಿ, ಲಂಡನ್ನಿನ ಕ್ರಿಕಲ್‌ವುಡ್‌ನಲ್ಲಿ ಕಾರು ತಯಾರಿಸಿದರು. ರೈಲು ಎಂಜಿನ್ನಿನ ಮೇಲಿನ ಪ್ರೀತಿ ಅವರನ್ನು ಬಿಟ್ಟಿರಲಿಲ್ಲ. ಆರು ಸಿಲಿಂಡರಿನ, ಆರೂವರೆ ಲೀಟರಿನ ಅವರ ದೊಡ್ಡ ಎಂಜಿನ್ನಿನಲ್ಲಿ ಮೇಲಿನ ಕ್ಯಾಮ್ ಶಾಫ್ಟನ್ನು ತಿರುಗಿಸಲು ಸರಪಳಿ ಇಲ್ಲ. ರೈಲಿನ ಚಕ್ರಗಳನ್ನು ಒಂದಕ್ಕೊಂದು ಜೋಡಿಸುವಂಥ ಉಕ್ಕಿನ ದಂಡಗಳೇ ಆ ಕೆಲಸ ಮಾಡುತ್ತಿದ್ದವು. ಭಾರ ಹೆಚ್ಚು, ಆದರೆ ಬಾಳಿಕೆಯೂ ಹೆಚ್ಚು.

ಬಾಳಿಕೆಗೆ ನಿಜವಾದ ಪರೀಕ್ಷೆ ಫ್ರಾನ್ಸಿನ ಲೆ ಮಾನ್‌ನ 24 ಗಂಟೆಗಳ ಓಟ. 1929ರಲ್ಲಿ ಒಂದನೇ ನಂಬರು ಹೊತ್ತ ಸ್ಪೀಡ್ ಸಿಕ್ಸ್ ಅಲ್ಲಿ ಗೆದ್ದಿತು. ಓಡಿಸಿದವರು ವುಲ್ಫ್ ಬಾರ್ನಾಟೊ ಮತ್ತು ಟಿಮ್ ಬರ್ಕಿನ್. ಆ ವರ್ಷ ಮೊದಲ ನಾಲ್ಕು ಸ್ಥಾನಗಳೂ ಬೆಂಟ್ಲಿಯವೇ. 1930ರಲ್ಲಿ ಬಾರ್ನಾಟೊ, ಗ್ಲೆನ್ ಕಿಡ್‌ಸ್ಟನ್ ಜೊತೆಗೂಡಿ ಅದೇ ಕಾರಿನಲ್ಲಿ ಮತ್ತೆ ಗೆದ್ದರು. ದಕ್ಷಿಣ ಆಫ್ರಿಕದ ವಜ್ರದ ಗಣಿಗಳಿಂದ ಬಂದ ಕುಟುಂಬದ ಸಂಪತ್ತನ್ನು ಕಂಪನಿಗೆ ಸುರಿದು ಅದರ ಅಧ್ಯಕ್ಷರಾಗಿದ್ದವರೂ ಈ ಬಾರ್ನಾಟೊ ಅವರೇ. ಆದರೂ ಜಗತ್ತಿನ ಆರ್ಥಿಕ ಕುಸಿತದಲ್ಲಿ ಕಂಪನಿ ಉಳಿಯಲಿಲ್ಲ. 1931ರಲ್ಲಿ ಅದು ರೋಲ್ಸ್ ರಾಯ್ಸ್ ಪಾಲಾಯಿತು.

ಕಂಪನಿ ಹೋದರೂ ಕಾರು ಓಡುತ್ತಲೇ ಇತ್ತು. ಅದೇ ವರ್ಷ ಬ್ರೂಕ್‌ಲ್ಯಾಂಡ್ಸ್‌ನ 500 ಮೈಲಿ ಓಟವನ್ನು ಜ್ಯಾಕ್ ಡನ್‌ಫಿ ಮತ್ತು ಸಿರಿಲ್ ಪಾಲ್ ಅದರಲ್ಲಿ ಗೆದ್ದರು. 1932ರ ಓಟಕ್ಕೆ ಅದಕ್ಕೆ ಎಂಟು ಲೀಟರಿನ ಎಂಜಿನ್ ಕೂರಿಸಲಾಯಿತು. ಸೆಪ್ಟೆಂಬರ್ 24ರಂದು ಜ್ಯಾಕ್ ಅವರ ಸಹೋದರ ಕ್ಲೈವ್ ಡನ್‌ಫಿ ಚಕ್ರ ಹಿಡಿದಿದ್ದಾಗ ಕಾರು ಇಳಿಜಾರಾಗಿ ಕಟ್ಟಿದ ಕಾಂಕ್ರೀಟ್ ಪಥದ ಅಂಚನ್ನು ದಾಟಿ ಆಚೆಗೆ ಹಾರಿತು. ಕ್ಲೈವ್ ಸತ್ತರು. ಅಳಿದುಳಿದದ್ದನ್ನು ಕೂಡಿಸಿ, ಬಾರ್ನಾಟೊಗಾಗಿ ಮೇಲ್ಛಾವಣಿಯ ಕೂಪೆಯಾಗಿ ಅದನ್ನು ಮರುಕಟ್ಟಲಾಯಿತು. ದಶಕಗಳ ನಂತರ ಬೇರೊಬ್ಬ ಮಾಲೀಕ ಅದಕ್ಕೆ ಮತ್ತೆ ಲೆ ಮಾನ್ ಕಾಲದ ತೆರೆದ ಮೈಯನ್ನು ತೊಡಿಸಿದ.

ಹಳೆಯ ಕಾರುಗಳ ಬೆಲೆ ಆಕಾಶಕ್ಕೇರಿದ್ದ ದಿನಗಳಲ್ಲಿ ಆ ಮಾಲೀಕ ಅದನ್ನು ಮಾರಲು ಒಪ್ಪಂದ ಮಾಡಿಕೊಂಡ. ಕೊಳ್ಳುವ ಕಂಪನಿ ಕೊನೆಗೆ ಹಿಂದೆಗೆಯಿತು. ಲೆ ಮಾನ್ ಗೆದ್ದ ಕಾರಿನದೆಂದು ಹೇಳಬಹುದಾದದ್ದು ಇದರಲ್ಲಿ ಏನೂ ಇಲ್ಲ, ಇದು ಅಸಲಿಯಲ್ಲ ಎಂಬುದು ಅದರ ವಾದ.

ನ್ಯಾಯಮೂರ್ತಿ ಆಟನ್ ಕಾರಿನ ಅಂಗಾಂಗಗಳ ಚರಿತ್ರೆಯನ್ನೇ ಬಿಡಿಸಿ ನೋಡಿದರು. ಕಾಲ ಹೇಳಲಾಗದ ಚಿಕ್ಕಪುಟ್ಟ ಬಿಡಿಭಾಗಗಳನ್ನು ಬಿಟ್ಟರೆ 1929ರ ಕಾರಿನದೇನೂ ಉಳಿದಿರಲಿಲ್ಲ. 1930ರದೆಂದು ನಂಬಬಹುದಾದದ್ದು ಪೆಡಲಿನ ಶಾಫ್ಟ್, ಗೇರ್ ಬಾಕ್ಸಿನ ಹೊರಕವಚ ಮತ್ತು ಸ್ಟಿಯರಿಂಗ್ ಕಂಬ, ಅಷ್ಟೇ. ಇಷ್ಟನ್ನು ಕಂಡೂ ಅವರು 1990ರ ಜುಲೈನಲ್ಲಿ ಮಾಲೀಕನ ಪರವಾಗಿ ತೀರ್ಪಿತ್ತರು.

ಅವರ ತರ್ಕ ಗಮನಿಸುವಂಥದ್ದು. ಇದನ್ನು ‘ಮೂಲ’ ಎನ್ನಲಾಗದು, ‘ಅಸಲಿ’ ಎನ್ನಬಹುದು. ಓಟದ ಕಾರಿನ ಭಾಗಗಳು ಸವೆಯುತ್ತವೆ, ಬದಲಾಗುತ್ತವೆ. ಅದು ಅದರ ಕಸುಬಿನ ಸ್ವಭಾವ. ಹೊಸ ಭಾಗಗಳು ಒಂದೇ ಸಲಕ್ಕೆ ಬರದೆ ಕಾಲಕ್ರಮದಲ್ಲಿ ಒಂದೊಂದಾಗಿ ಸೇರಿ ಇಡಿಯಲ್ಲಿ ಬೆರೆತುಹೋದವು. ಚರಿತ್ರೆಯ ಎಳೆ ಎಲ್ಲಿಯೂ ಕಡಿದಿಲ್ಲ. ಆ ಹೆಸರಿಗೆ ಹಕ್ಕುದಾರನಾಗಬಲ್ಲ ಮತ್ತೊಂದು ಬೆಂಟ್ಲಿಯೂ ಇಲ್ಲ.

ನಮ್ಮವರಿಗೆ ಈ ಪ್ರಶ್ನೆ ಹೊಸದೇನಲ್ಲ. ಪಾಲಿ ಭಾಷೆಯ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನ ಗ್ರೀಕ್ ದೊರೆ ಮಿಲಿಂದನನ್ನು ಕೇಳುವುದೂ ಇದನ್ನೇ: ನೀನು ಏರಿ ಬಂದ ರಥ ಎಂದರೆ ಯಾವುದು? ಅಚ್ಚೇ? ಗಾಲಿಯೇ? ನೊಗವೇ? ಯಾವುದೂ ಅಲ್ಲ. ಇವೆಲ್ಲ ಕೂಡಿದಾಗ ಬಳಸುವ ಹೆಸರು ರಥ ಎಂದು ದೊರೆಯೇ ಒಪ್ಪುತ್ತಾನೆ. ವಿಜ್ಞಾನ ಓದಿದವರಿಗೂ ಇದು ಪರಿಚಿತ ಮಾತು. ದೇಹದ ಬಹುಪಾಲು ಜೀವಕೋಶಗಳು ಸಾಯುತ್ತವೆ, ಹೊಸವು ಹುಟ್ಟುತ್ತವೆ. ಮನುಷ್ಯ ಮಾತ್ರ ಅದೇ ಹೆಸರಿನಲ್ಲಿ ಬಾಳುತ್ತಾನೆ.

ಆದರೆ ಜೀರ್ಣೋದ್ಧಾರದ ಬಗ್ಗೆ ಈ ತೀರ್ಪು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ಹಳೆಯದನ್ನು ಮತ್ತೆ ಕಟ್ಟುವವರು ಯಾವ ವರ್ಷಕ್ಕೆ ಹಿಂದಿರುಗಬೇಕು? ಈ ಕಾರಿಗೆ ಲೆ ಮಾನ್ ವಿಜಯದ ರೂಪ ಸಿಕ್ಕಿತು. ಸಾವಿನ ನಂತರ ಬಂದ ಕೂಪೆ ಕಣ್ಮರೆಯಾಯಿತು. ಎಳೆ ಕಡಿದಿಲ್ಲವಾದ್ದರಿಂದಲೇ ಕಾರು ಅಸಲಿ ಎನ್ನುವುದಾದರೆ, ಆ ಎಳೆಯಲ್ಲಿ 1932ರ ಸೆಪ್ಟೆಂಬರ್ 24 ಕೂಡ ಸೇರಿದೆ. 1 ಕೋಟಿ ಪೌಂಡಿನ ಬೆಲೆಯನ್ನು ತಂದುಕೊಟ್ಟ ಚರಿತ್ರೆಯಲ್ಲಿ ಕ್ಲೈವ್ ಡನ್‌ಫಿಗೂ ಪಾಲುಂಟು.