ಬಡ್ತಿಯ ಅಳತೆಗೋಲು: ಭಾರತದ ವಿಶ್ವವಿದ್ಯಾಲಯಗಳು ಅಧ್ಯಾಪಕರನ್ನು ಗುರುತಿಸಿದ ಬಗೆ

ಭಾರತದ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರ ಬಡ್ತಿಗೆ ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳು ರೂಪುಗೊಂಡದ್ದು ಸ್ವಾತಂತ್ರ್ಯಾನಂತರ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪನೆಯಾದ ಮೊದಲ ಮೂರು ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಪರೀಕ್ಷೆ ನಡೆಸಿ ಪದವಿ ಕೊಡುತ್ತಿದ್ದವು. ಪಾಠ ನಡೆಯುತ್ತಿದ್ದುದು ಕಾಲೇಜುಗಳಲ್ಲಿ. ಸರ್ಕಾರಿ ಕಾಲೇಜಿನ ಅಧ್ಯಾಪಕ ಶಿಕ್ಷಣ ಇಲಾಖೆಯ ನೌಕರ, ಅಲ್ಲಿ ಸಂಬಳವನ್ನು ನಿರ್ಧರಿಸುವಾಗ ವಿದ್ವತ್ತಿನಷ್ಟೇ ಮೈಬಣ್ಣವೂ ಲೆಕ್ಕಕ್ಕೆ ಬರುತ್ತಿತ್ತು. 1885ರಲ್ಲಿ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜು ಸೇರಿದ ಜಗದೀಶಚಂದ್ರ ಬೋಸರಿಗೆ ಯುರೋಪಿಯನ್ ಸಹೋದ್ಯೋಗಿಗಳಿಗಿಂತ ಕಡಿಮೆ ಸಂಬಳ ಗೊತ್ತುಮಾಡಲಾಯಿತು. ಅವರು ಪ್ರತಿಭಟಿಸಿ ಮೂರು ವರ್ಷ ಸಂಬಳವನ್ನೇ ಮುಟ್ಟದೆ ಪಾಠ ಹೇಳಿದರು.

1904ರ ಕಾಯ್ದೆ ವಿಶ್ವವಿದ್ಯಾಲಯಗಳಿಗೆ ತಾವೇ ಅಧ್ಯಾಪಕರನ್ನು ನೇಮಿಸಿಕೊಂಡು ಪಾಠ ನಡೆಸುವ ಅವಕಾಶ ಕೊಟ್ಟಿತು. ಅದನ್ನು ಚೆನ್ನಾಗಿ ಬಳಸಿಕೊಂಡವರು ಕಲ್ಕತ್ತದ ಕುಲಪತಿ ಆಶುತೋಷ್ ಮುಖರ್ಜಿ. ದಾನಿಗಳ ಹಣದಿಂದ ಪೀಠಗಳನ್ನು ಸ್ಥಾಪಿಸಿ, ತಾವು ಗುರುತಿಸಿದ ವಿದ್ವಾಂಸರನ್ನು ಅವುಗಳಿಗೆ ಕರೆತಂದರು. ಸಿ.ವಿ. ರಾಮನ್ ಹಣಕಾಸು ಇಲಾಖೆಯ ಹೆಚ್ಚಿನ ಸಂಬಳದ ಹುದ್ದೆ ಬಿಟ್ಟು 1917ರಲ್ಲಿ ಪಾಲಿತ್ ಪೀಠಕ್ಕೆ ಬಂದದ್ದು ಹೀಗೆ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯದಲ್ಲಿ 1918ರಿಂದ ತತ್ತ್ವಶಾಸ್ತ್ರ ಬೋಧಿಸುತ್ತಿದ್ದ ಎಸ್. ರಾಧಾಕೃಷ್ಣನ್ 1921ರಲ್ಲಿ ಐದನೆಯ ಜಾರ್ಜ್ ಪೀಠಕ್ಕಾಗಿ ಕಲ್ಕತ್ತಕ್ಕೆ ತೆರಳಿದರು. ಆ ಕಾಲದ ಮನ್ನಣೆ ನಿಂತದ್ದು ವ್ಯಕ್ತಿಯನ್ನು ಗುರುತಿಸಬಲ್ಲ ಇನ್ನೊಬ್ಬ ವ್ಯಕ್ತಿಯ ಮೇಲೆ. ಅಂಥವರು ಇಲ್ಲದ ಕಡೆ ಉಪನ್ಯಾಸಕನಾಗಿ ಸೇರಿದವನು ಉಪನ್ಯಾಸಕನಾಗಿಯೇ ನಿವೃತ್ತನಾಗುವುದು ಸಾಮಾನ್ಯವಾಗಿತ್ತು.

ಅದೇ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ 1948ರಲ್ಲಿ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ನೇಮಕವಾಗಿ, 1949ರಲ್ಲಿ ವರದಿ ನೀಡಿತು. ಪ್ರೊಫೆಸರ್, ರೀಡರ್, ಉಪನ್ಯಾಸಕ, ಬೋಧಕ ಎಂಬ ನಾಲ್ಕು ದರ್ಜೆಗಳನ್ನು ಅದು ಸೂಚಿಸಿತು. ಪ್ರೊಫೆಸರರಿಗೆ 900ರಿಂದ 1,350 ರೂಪಾಯಿ, ಉಪನ್ಯಾಸಕರಿಗೆ 300ರಿಂದ 600 ರೂಪಾಯಿ ಅದು ಶಿಫಾರಸು ಮಾಡಿದ ವೇತನ ಶ್ರೇಣಿ. ದರ್ಜೆಯಿಂದ ದರ್ಜೆಗೆ ಏರಲು ಅರ್ಹತೆಯೊಂದೇ ಆಧಾರವಾಗಬೇಕು ಎಂಬುದು ಆಯೋಗದ ನಿಲುವು. 1953ರಲ್ಲಿ ಆರಂಭವಾಗಿ 1956ರಲ್ಲಿ ಶಾಸನಬದ್ಧವಾದ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ದೇಶಾದ್ಯಂತ ವೇತನ ಶ್ರೇಣಿಗಳನ್ನು ಸಮಗೊಳಿಸುವ ಕೆಲಸ ಕೈಗೊಂಡಿತು. ಎಸ್.ಎನ್. ಸೆನ್ ವೇತನ ಸಮಿತಿಯ ನಂತರ 1973ರಿಂದ ಉಪನ್ಯಾಸಕರ ಶ್ರೇಣಿ 700-1,600, ಪ್ರೊಫೆಸರರದು 1,500-2,500 ಆಯಿತು.

ಸಂಬಳ ಏರಿದರೂ ಬಡ್ತಿಯ ಬಾಗಿಲು ಕಿರಿದಾಗಿಯೇ ಇತ್ತು. ರೀಡರ್ ಹುದ್ದೆ ಖಾಲಿಯಾಗಬೇಕು, ಜಾಹೀರಾತು ಹೊರಬೀಳಬೇಕು, ಆಗ ವಿಭಾಗದ ಉಪನ್ಯಾಸಕರು ಹೊರಗಿನವರೊಡನೆ ಸ್ಪರ್ಧಿಸಬೇಕು. ಒಂದೇ ಪ್ರೊಫೆಸರ್ ಹುದ್ದೆಯಿದ್ದ ವಿಭಾಗದಲ್ಲಿ ಅದನ್ನು ಹಿಡಿದವರು ನಿವೃತ್ತರಾಗುವ ತನಕ ಉಳಿದವರು ಕಾಯಬೇಕಿತ್ತು. 1980ರ ದಶಕದ ಆರಂಭದ ಅರ್ಹತಾ ಬಡ್ತಿ ಯೋಜನೆ ಈ ಗಂಟನ್ನು ಬಿಡಿಸಲು ನೋಡಿತು. ನಿಗದಿತ ವರ್ಷಗಳ ಸೇವೆ ಮುಗಿಸಿದವರ ಕೆಲಸವನ್ನು ಪರಿಶೀಲಿಸಿ, ಹುದ್ದೆ ಖಾಲಿಯಿಲ್ಲದಿದ್ದರೂ ಮೇಲಿನ ದರ್ಜೆ ಕೊಡಬಹುದಾಯಿತು. ಆದರೆ ಹೀಗೆ ಬಡ್ತಿ ಪಡೆದವರಿಗೂ ನೇರ ನೇಮಕಾತಿಯವರಿಗೂ ನಡುವೆ ಜ್ಯೇಷ್ಠತೆಯ ಜಗಳ ಹುಟ್ಟಿ, ನ್ಯಾಯಾಲಯದ ಮೆಟ್ಟಿಲೇರಿತು.

ಆರ್.ಸಿ. ಮೆಹ್ರೋತ್ರಾ ವೇತನ ಸಮಿತಿಯ ವರದಿಯ ನಂತರ, 1987ರಲ್ಲಿ ಅಧ್ಯಾಪಕರ ದೇಶವ್ಯಾಪಿ ಮುಷ್ಕರವೂ ನಡೆದು, ವೃತ್ತಿ ಉನ್ನತಿ ಯೋಜನೆ ರೂಪುಗೊಂಡಿತು. 8 ವರ್ಷ ಸೇವೆ ಸಲ್ಲಿಸಿದ ಉಪನ್ಯಾಸಕರಿಗೆ ಹಿರಿಯ ಶ್ರೇಣಿ, ಆ ಶ್ರೇಣಿಯಲ್ಲಿ ಮತ್ತೆ 8 ವರ್ಷ ಕಳೆದರೆ ಆಯ್ಕೆ ಶ್ರೇಣಿ. ಹೊಸದಾಗಿ ತೆರೆದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳಲ್ಲಿ ಓರಿಯೆಂಟೇಶನ್, ರಿಫ್ರೆಶರ್ ಕೋರ್ಸ್‌ಗಳನ್ನು ಮುಗಿಸುವುದು ಬಡ್ತಿಯ ಷರತ್ತಾಯಿತು. 1998ರ ಅಧಿಸೂಚನೆಯಿಂದ ಪ್ರೊಫೆಸರ್ ದರ್ಜೆಯವರೆಗೂ ಈ ದಾರಿ ತೆರೆದುಕೊಂಡಿತು. ಖಾಲಿ ಹುದ್ದೆಗಾಗಿ ಕಾಯುವ ಕಷ್ಟ ತಪ್ಪಿತಾದರೂ ಅರ್ಹತೆಗಿಂತ ಸೇವಾವಧಿಯೇ ಮುಂದಾಯಿತು, ಪ್ರಮಾಣಪತ್ರ ಒಟ್ಟುಮಾಡುವುದೇ ಓದಿನ ಜಾಗಕ್ಕೆ ಬಂತು ಎಂಬ ಆಕ್ಷೇಪವೂ ಎದ್ದಿತು.

ಆ ಆಕ್ಷೇಪಕ್ಕೆ ಯುಜಿಸಿ 2010ರಲ್ಲಿ ಕೊಟ್ಟ ಉತ್ತರ ಅಂಕಪಟ್ಟಿ. ಜಿ.ಕೆ. ಚಡ್ಡಾ ವೇತನ ಸಮಿತಿಯ ನಂತರ ಉಪನ್ಯಾಸಕರು ಸಹಾಯಕ ಪ್ರಾಧ್ಯಾಪಕರೆಂದೂ ರೀಡರುಗಳು ಸಹ ಪ್ರಾಧ್ಯಾಪಕರೆಂದೂ ಕರೆಸಿಕೊಂಡಿದ್ದರು. 2010ರ ನಿಯಮಾವಳಿ ಅವರ ಕೆಲಸವನ್ನು ಬೋಧನೆ, ಸಹಪಠ್ಯ ಮತ್ತು ವಿಸ್ತರಣಾ ಚಟುವಟಿಕೆ, ಸಂಶೋಧನೆ ಎಂಬ ಮೂರು ವರ್ಗಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಅಂಕ ನಿಗದಿಮಾಡಿತು. ಇದೇ ಎಪಿಐ, ಅಂದರೆ ಶೈಕ್ಷಣಿಕ ಸಾಧನಾ ಸೂಚಕ ಪದ್ಧತಿ. ವಿಷಯತಜ್ಞರ ವಿಮರ್ಶೆಗೆ ಒಳಪಟ್ಟ ಪತ್ರಿಕೆಯ ಲೇಖನಕ್ಕೆ 15 ಅಂಕ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅದರ ಲೇಖನಗಳಿಗೆ ಸಿಗುವ ಸರಾಸರಿ ಉಲ್ಲೇಖ, ಹೆಚ್ಚಿದ್ದರೆ ಹೆಚ್ಚುವರಿ ಅಂಕ. ಅಂತರರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 50, ರಾಷ್ಟ್ರಮಟ್ಟದವರದಕ್ಕೆ 25, ಸ್ಥಳೀಯ ಪ್ರಕಾಶಕರದಕ್ಕೆ 15.

ಆಯ್ಕೆ ಸಮಿತಿಯ ಮರ್ಜಿಗೆ ಕಡಿವಾಣ ಹಾಕುವುದು ಈ ಅಂಕಗಳ ಉದ್ದೇಶ. ಅರ್ಜಿದಾರನೇ ಕೂಡಿ ನೋಡಬಹುದಾದ ಲೆಕ್ಕವಾದ್ದರಿಂದ ಪಾರದರ್ಶಕತೆ ಹೆಚ್ಚಿತೆಂಬುದು ನಿಜ. ಆದರೆ ಒಂದೇ ಅಳತೆಗೋಲು ಎಲ್ಲ ವಿಷಯಗಳಿಗೂ ಹೊಂದಲಿಲ್ಲ. ಕನ್ನಡದಂಥ ವಿಭಾಗಗಳಲ್ಲಿ ವಿದ್ವತ್ತು ಬೆಳೆದದ್ದು ಗ್ರಂಥಸಂಪಾದನೆ, ಶಾಸನ ಅಧ್ಯಯನ, ನಿಘಂಟು, ಜಾನಪದ ಸಂಗ್ರಹ, ವಿಮರ್ಶಾಗ್ರಂಥಗಳ ಮೂಲಕ. ತಾಳೆಗರಿಗಳ ಪಾಠಾಂತರಗಳನ್ನು ವರ್ಷಗಟ್ಟಲೆ ಹೋಲಿಸಿ ಸಿದ್ಧಪಡಿಸಿದ ಕಾವ್ಯದ ಆವೃತ್ತಿ ಸಣ್ಣ ಪ್ರಕಾಶಕರಿಂದ ಹೊರಬಂದರೆ, ಪುಸ್ತಕಗಳ ಪಟ್ಟಿಯಲ್ಲಿ ಅದರ ಬೆಲೆ ಹೆಚ್ಚೆಂದರೆ ಒಂದು ಲೇಖನದಷ್ಟೇ. ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕವಂತೂ ಕನ್ನಡದ ಪತ್ರಿಕೆಗಳನ್ನು ಮುಟ್ಟಲೇ ಇಲ್ಲ.

ಇನ್ನೊಂದು ಪರಿಣಾಮ ಎಲ್ಲ ವಿಷಯಗಳಿಗೂ ಹರಡಿತು. ಅಂಕಕ್ಕೆ ಲೇಖನ ಬೇಕಾದಾಗ, ಹಣ ಪಡೆದು ವಿಮರ್ಶೆಯಿಲ್ಲದೆ ಅಚ್ಚುಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. 2017ರಲ್ಲಿ ಯುಜಿಸಿ ಮಾನ್ಯ ಪತ್ರಿಕೆಗಳ ದೊಡ್ಡ ಪಟ್ಟಿ ಪ್ರಕಟಿಸಿತು. ಅದರೊಳಗೂ ಅಂಥವು ನುಸುಳಿದ್ದು ಗೊತ್ತಾಗಿ, 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ತೆಗೆದುಹಾಕಿತು. 2019ರಲ್ಲಿ ಯುಜಿಸಿ-ಕೇರ್ ಎಂಬ ಹೊಸ ಪಟ್ಟಿ ಬಂತು. 2025ರಲ್ಲಿ ಅದನ್ನೂ ಕೈಬಿಟ್ಟು, ಪತ್ರಿಕೆಯ ಗುಣಮಟ್ಟ ತೀರ್ಮಾನಿಸುವ ಹೊಣೆಯನ್ನು ವಿಶ್ವವಿದ್ಯಾಲಯಗಳಿಗೇ ಬಿಡಲಾಯಿತು.

ಇಂಥದೇ ಅಸಮಾಧಾನ ಹೊರದೇಶಗಳಲ್ಲೂ ಇತ್ತು. ಸಂಶೋಧಕನ ಯೋಗ್ಯತೆಯನ್ನು ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ ಅಳೆಯಬಾರದೆಂದು 2012ರ ಸಭೆಯಿಂದ ಹುಟ್ಟಿದ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿತು. 2015ರ ಲೈಡನ್ ಪ್ರಣಾಳಿಕೆಯ ಹತ್ತು ಸೂತ್ರಗಳಲ್ಲಿ ಒಂದು, ಸ್ಥಳೀಯ ಮಹತ್ವದ ಸಂಶೋಧನೆಗೆ ರಕ್ಷಣೆ ಕೇಳಿತು. ನೆದರ್‌ಲ್ಯಾಂಡ್ಸ್‌ನ ವಿಶ್ವವಿದ್ಯಾಲಯಗಳು 2019ರಲ್ಲಿ ಬೋಧನೆ, ನಾಯಕತ್ವ, ಸಮಾಜಕ್ಕೆ ಸಲ್ಲುವ ಕೆಲಸಗಳಿಗೂ ಸಂಶೋಧನೆಯ ಜೊತೆಗೆ ಮನ್ನಣೆ ಕೊಡುವ ಕಾರ್ಯಕ್ರಮ ಆರಂಭಿಸಿದವು.

ಭಾರತದಲ್ಲಿ 2018ರ ಜುಲೈನ ನಿಯಮಾವಳಿ ಬಡ್ತಿಗೆ ಎಪಿಐ ಅಂಕಗಳನ್ನು ಕೈಬಿಟ್ಟು, ಉತ್ತಮ, ತೃಪ್ತಿಕರ, ಅತೃಪ್ತಿಕರ ಎಂಬ ಸರಳ ಶ್ರೇಣಿ ತಂದಿತು. ಹಂಚಿಕೆಯಾದ ತರಗತಿಗಳಲ್ಲಿ ಶೇ. 80 ಅಥವಾ ಹೆಚ್ಚು ತೆಗೆದುಕೊಂಡರೆ ಬೋಧನೆ ‘ಉತ್ತಮ’. ಪಾಠ ಎಷ್ಟು ನಡೆಯಿತೆಂಬುದು ಇದರಿಂದ ತಿಳಿಯುತ್ತದೆ, ಹೇಗೆ ನಡೆಯಿತೆಂಬುದು ತಿಳಿಯುವುದಿಲ್ಲ. 2025ರ ಜನವರಿಯಲ್ಲಿ ಯುಜಿಸಿ ಪ್ರಕಟಿಸಿದ ಹೊಸ ನಿಯಮಾವಳಿಯ ಕರಡು, ಒಂಬತ್ತು ಬಗೆಯ ಗಮನಾರ್ಹ ಕೊಡುಗೆಗಳನ್ನು ಪಟ್ಟಿಮಾಡಿ ಅವುಗಳಲ್ಲಿ ಕನಿಷ್ಠ ನಾಲ್ಕನ್ನು ಕೇಳಿತು. ಹೊಸ ಬೋಧನಾ ವಿಧಾನ, ಭಾರತೀಯ ಭಾಷೆಗಳಲ್ಲಿ ಬೋಧನೆ, ಸಮುದಾಯ ಸೇವೆ, ಸ್ಟಾರ್ಟ್‌ಅಪ್ ಇವೆಲ್ಲ ಆ ಪಟ್ಟಿಯಲ್ಲಿವೆ. ಕೊಡುಗೆ ‘ಗಮನಾರ್ಹ’ವೇ ಎಂದು ನಿರ್ಣಯಿಸುವ ಕೆಲಸ ಮಾತ್ರ ಆಯ್ಕೆ ಸಮಿತಿಗೇ ಮರಳಿತು.

ಹೀಗೆ ಏಳು ದಶಕಗಳ ಸುಧಾರಣೆ ಪ್ರತಿ ಹಂತದಲ್ಲೂ ಹಿಂದಿನ ಹಂತದ ದೋಷವನ್ನು ತಿದ್ದಹೊರಟದ್ದು. ಖಾಲಿ ಹುದ್ದೆಯ ಅವಲಂಬನೆಯನ್ನು ಸೇವಾವಧಿ ತಪ್ಪಿಸಿತು, ಸೇವಾವಧಿಯ ಜಡತೆಗೆ ಅಂಕ ಮದ್ದಾಯಿತು, ಅಂಕದ ಯಾಂತ್ರಿಕತೆಯಿಂದ ಪಾರಾಗಲು ಮತ್ತೆ ತಜ್ಞರ ವಿವೇಚನೆ ಬೇಕಾಯಿತು. ಎಣಿಕೆ ಪಕ್ಷಪಾತವನ್ನು ತಡೆಯುತ್ತದೆ, ಆದರೆ ಗುಣವನ್ನು ಕಾಣದು. ವಿವೇಚನೆ ಗುಣವನ್ನು ಕಾಣಬಲ್ಲದು, ಆದರೆ ಅದನ್ನು ನಡೆಸುವವರ ಮೇಲೆ ನಂಬಿಕೆಯಿರಬೇಕು. ಎರಡನ್ನೂ ಒಟ್ಟಿಗೆ ದುಡಿಸುವ ನಿಯಮಾವಳಿ ಇನ್ನೂ ನೆಲೆಗೊಂಡಿಲ್ಲ.